ಎರಂಡವಣೆಯ ಮಾರುತ ಹಾರಬೇಕು

ದೊಡ್ಡ ಗಾತ್ರದ ಯುದ್ಧವಿಮಾನದ ಮಾದರಿಯನ್ನು ಕಟ್ಟಿ ರೇಡಿಯೊ ನಿಯಂತ್ರಣದಿಂದ ಹಾರಿಸುವ ಹವ್ಯಾಸವನ್ನು ನಮ್ಮ ಸಾಹಿತ್ಯವಲಯ ಆಟಿಕೆಯ ಬಾಬತ್ತಿಗೆ ಸೇರಿಸಿ ಸುಮ್ಮನಾಗುತ್ತದೆ. ಹಣವುಳ್ಳವರ ಭಾನುವಾರದ ಮೋಜು ಎಂಬುದು ಒಂದು ತೀರ್ಪು. ಯುದ್ಧದ ಆರಾಧನೆ ಎಂಬುದು ಇನ್ನೊಂದು. ಎರಡರಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಪುಣೆಯಲ್ಲಿ ಕೆಲವು ವರ್ಷಗಳಿಂದ ಈ ಕೆಲಸವನ್ನು ಬೇಲಿಯ ಆಚೆ ನಿಂತು ನೋಡುತ್ತ ಬಂದಿರುವ ನನ್ನ ದೂರು ಬೇರೆಯದು. ನಮ್ಮವರು ಕಟ್ಟುವ ವಿಮಾನಗಳು ಬಹುಪಾಲು ಪರರವು. ಬ್ರಿಟನ್ನಿನ ಸ್ಪಿಟ್‌ಫೈರ್, ಅಮೆರಿಕದ ಮಸ್ಟಾಂಗ್, ಜರ್ಮನಿಯ ಫೋಕೆ-ವುಲ್ಫ್ 190 ಇಲ್ಲಿನ ಬಯಲುಗಳಲ್ಲಿ ಮತ್ತೆ ಮತ್ತೆ ಮೇಲೇಳುವುದನ್ನು ಕಂಡಿದ್ದೇನೆ. ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ ಒಮ್ಮೆಯೂ ನನ್ನ ಕಣ್ಣೆದುರು ಎದ್ದಿಲ್ಲ.

ಈ ಕಸುಬಿನ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಇಲ್ಲಿ ಹೇಳುತ್ತಿರುವುದು ಅಂಗಡಿಯಿಂದ ತಂದು ಅಂದೇ ಸಂಜೆ ಹಾರಿಸುವ ಥರ್ಮಾಕೋಲಿನ ವಿಮಾನಗಳ ವಿಷಯವಲ್ಲ. ನಿಜವಿಮಾನದ ಐದನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ದೊಡ್ಡವು ಇವು. ರೆಕ್ಕೆಯ ತುದಿಯಿಂದ ತುದಿಗೆ ಎರಡು ಮೀಟರಿಗೂ ಮಿಕ್ಕು. ಹಗುರವಾದ ಬಾಲ್ಸಾ ಮರದ ಪಕ್ಕೆಲುಬುಗಳು, ಪ್ಲೈವುಡ್ಡಿನ ಅಡ್ಡಗೋಡೆಗಳು, ಮೇಲೆ ಗಾಜಿನ ನಾರಿನ ತೆಳು ಹೊದಿಕೆ. ಮೂಗಿನಲ್ಲಿ ಐವತ್ತು ಅರವತ್ತು ಸಿ.ಸಿ.ಯ ಪೆಟ್ರೋಲ್ ಎಂಜಿನ್; ಒಳಗೆ ಒಂದೊಂದು ಅಲಗನ್ನೂ ಎಳೆದು ತಿರುಗಿಸುವ ಸರ್ವೊ ಮೋಟಾರುಗಳು; ಹೊಟ್ಟೆಯೊಳಗೆ ಮಡಚಿಕೊಳ್ಳುವ ಗಾಲಿಗಳು. ಕಟ್ಟುವುದಕ್ಕೆ ವರ್ಷ ಹಿಡಿದರೆ ಅಚ್ಚರಿಯಿಲ್ಲ. ಆಮೇಲೆ ಶುರುವಾಗುತ್ತದೆ ಅಲಂಕಾರ. ಅಂಟಿನ ಸಣ್ಣ ಸಣ್ಣ ಹನಿಗಳನ್ನು ಸಾಲಾಗಿ ಇಟ್ಟು ರಿವೆಟ್ಟುಗಳನ್ನು ಮೂಡಿಸುವವರಿದ್ದಾರೆ. ಎಂಜಿನ್ನಿನ ಹೊಗೆ ಒಡಲಿನ ಮೇಲೆ ಎಲ್ಲಿಯವರೆಗೆ ಕಪ್ಪು ಕಟ್ಟಬೇಕು, ಪೈಲಟ್ ಹತ್ತಿ ಇಳಿಯುವಲ್ಲಿ ರೆಕ್ಕೆಯ ಬಣ್ಣ ಎಷ್ಟು ಸವೆದಿರಬೇಕು ಎಂದು ಹಳೆಯ ಫೋಟೊಗಳ ಮುಂದೆ ಕುಳಿತು ಗಂಟೆಗಟ್ಟಲೆ ವಾದಿಸುವವರನ್ನು ನಾನು ಕಂಡಿದ್ದೇನೆ. ಪಾಠಾಂತರಗಳ ಬಗ್ಗೆ ನಮ್ಮ ಗ್ರಂಥಸಂಪಾದಕರು ನಡೆಸುವ ವಾದಕ್ಕೂ ಇದಕ್ಕೂ ಹೆಚ್ಚಿನ ಅಂತರ ನನಗೆ ಕಾಣಲಿಲ್ಲ.

ಆದರೆ ಬಣ್ಣದ ನಿಷ್ಠೆ ಎಷ್ಟೇ ಇದ್ದರೂ ತೂಕದಲ್ಲಿ ಮಾದರಿ ಮೂಲಕ್ಕೆ ನಿಷ್ಠವಾಗಿರುವಂತಿಲ್ಲ. ಉದ್ದವನ್ನು ಐದನೆಯ ಒಂದಕ್ಕೆ ಇಳಿಸಿದರೆ ರೆಕ್ಕೆಯ ವಿಸ್ತೀರ್ಣ ಇಪ್ಪತ್ತೈದನೆಯ ಒಂದಾಗುತ್ತದೆ. ಗಾತ್ರ, ಅದರೊಡನೆ ತೂಕ, ನೂರಿಪ್ಪತ್ತೈದನೆಯ ಒಂದು. ಫೋಕೆ-ವುಲ್ಫ್ 190ರ ರೆಕ್ಕೆಯ ಹರವು ಹತ್ತೂವರೆ ಮೀಟರ್, ಯುದ್ಧಸಜ್ಜಾದಾಗ ಅದರ ತೂಕ ಸುಮಾರು 4,400 ಕಿಲೊ. ಲೆಕ್ಕದ ಪ್ರಕಾರ ಐದನೆಯ ಒಂದು ಪಾಲಿನ ಮಾದರಿ 35 ಕಿಲೊ ತೂಗಬೇಕು. ಹಾಗೆ ಕಟ್ಟಿದರೆ ಅದು ನೆಲ ಬಿಡುವುದೂ ಕಷ್ಟ, ಬಿಟ್ಟರೆ ಇಳಿಯುವುದು ಇನ್ನೂ ಕಷ್ಟ. ಕೈಪಳಗಿದವರು ಅದನ್ನು ಹತ್ತು ಹನ್ನೆರಡು ಕಿಲೊದಲ್ಲಿ ಮುಗಿಸುತ್ತಾರೆ. ಹೊರಗೆ ಮೂಲದಂತೆಯೇ ಕಂಡು ಒಳಗೆ ಮೂಲಕ್ಕಿಂತ ಬಹಳ ಹಗುರವಾಗಿರಬೇಕಾದ ಈ ಕಟ್ಟಳೆಯನ್ನು ಭಾಷಾಂತರ ಮಾಡಿದವರು ಬೇಗ ಅರ್ಥಮಾಡಿಕೊಂಡಾರು.

ಈ ಫೋಕೆ-ವುಲ್ಫ್‌ನ ಹೆಸರನ್ನು ಬೇಕೆಂದೇ ಎತ್ತಿದೆ. ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್. ಯುದ್ಧ ಮುಗಿದ ಮೇಲೆ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ತನ್ನ ಸಹಾಯಕರೊಂದಿಗೆ ಬೆಂಗಳೂರಿಗೆ ಬಂದ ಟ್ಯಾಂಕ್, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಮ್ಮ ಎಂಜಿನಿಯರುಗಳ ಜೊತೆಗೂಡಿ ರೂಪಿಸಿದ ವಿಮಾನವೇ ಎಚ್‌ಎಫ್-24 ಮಾರುತ. ಒಬ್ಬನೇ ವಿನ್ಯಾಸಕನ ಎರಡು ಕೃತಿಗಳು: ಒಂದು ಹಿಟ್ಲರನ ವಾಯುದಳಕ್ಕೆ, ಇನ್ನೊಂದು ಸ್ವತಂತ್ರ ಭಾರತಕ್ಕೆ. ಪುಣೆಯ ಹವ್ಯಾಸಿ ಮೊದಲನೆಯದನ್ನು ರಿವೆಟ್ಟಿನ ಲೆಕ್ಕದವರೆಗೆ ಬಲ್ಲ. ಎರಡನೆಯದರ ಹೆಸರು ಹೇಳಿದರೆ ನೆನಪಿಸಿಕೊಳ್ಳಲು ಒಂದು ಕ್ಷಣ ಬೇಕು.

ಇದರಲ್ಲೊಂದು ವಿಚಿತ್ರವೂ ಇದೆ. ಮಾರುತ ತಾನೇ ಮೊದಲು ಒಂದು ಮಾದರಿಯಾಗಿ ಹಾರಿತು. ಲೋಹದ ಮೂಲರೂಪವನ್ನು ಕಟ್ಟುವ ಮುನ್ನ, 1959ರಲ್ಲಿ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರೊಂದನ್ನು ಮಾಡಿ ಡಕೋಟ ವಿಮಾನದ ಹಿಂದೆ ಕಟ್ಟಿ ಮೇಲಕ್ಕೊಯ್ದು ಬಿಟ್ಟು ಪರೀಕ್ಷಿಸಿದರು. ಕಾಗದದ ಮೇಲಿನ ರೆಕ್ಕೆ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಮರ ಉತ್ತರ ಕೊಟ್ಟಿತು. ಎಂಜಿನ್ ಹೊತ್ತ ಮಾರುತ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಏರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲಿಯೇ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿರುವ ವಿಮಾನವನ್ನು ನೆನೆಯುತ್ತಾರೆ?

ಮಾರುತ ತನ್ನ ವಿನ್ಯಾಸಕ್ಕೆ ತಕ್ಕ ಎಂಜಿನ್ ಪಡೆಯಲೇ ಇಲ್ಲ. ಎರಡು ಆರ್ಫಿಯಸ್ ಎಂಜಿನ್ನುಗಳ ಬಲದಲ್ಲಿ, ಶಬ್ದದ ವೇಗವನ್ನು ಮೀರಬೇಕಾಗಿದ್ದ ಒಡಲು ಅದರ ಕೆಳಗೇ ಉಳಿಯಿತು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ನೆಲೆಗಳಿಂದ ದುಡಿದು, ತೊಂಬತ್ತರ ಹೊತ್ತಿಗೆ ಸೇವೆಯಿಂದ ಮರೆಯಾದವು. ಇದನ್ನು ಸೋತ ವಿಮಾನವೆಂದು ಬರೆದು ಮುಗಿಸುವವರ ಜೊತೆ ನನಗೆ ಜಗಳವಿಲ್ಲ. ಆದರೆ ಸೋತದ್ದು ಎಂಜಿನ್ನಿನ ಖರೀದಿಯೇ ಹೊರತು ವಿಮಾನದ ಆಕಾರವಲ್ಲ ಎಂಬುದನ್ನು ತೋರಿಸಬಲ್ಲವರು ಇಂದು ಮಾದರಿ ಕಟ್ಟುವವರು ಮಾತ್ರ. ಅವರ ಎಂಜಿನ್ ಅವರೇ ಆರಿಸಿಕೊಳ್ಳುವಂಥದು.

ಪುಣೆಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ಈ ಊರಿನಲ್ಲಿ ಮಾರುತಿಗಳಿಗೆ ಕೊರತೆಯಿಲ್ಲ ಎಂಬುದು ಬಲ್ಲವರಿಗೆ ಗೊತ್ತು: ಜಿಲಬ್ಯಾ ಮಾರುತಿ, ದುಲ್ಯಾ ಮಾರುತಿ, ಭಿಕಾರದಾಸ ಮಾರುತಿ, ಹೀಗೆ ಪೇಟೆಗೊಬ್ಬ. ಅವರ ಸಾಲಿಗೆ ಸೇರದ ಒಂದು ಮಾರುತ ಎರಂಡವಣೆಯ ಕಮಲಾ ನೆಹರು ಉದ್ಯಾನದಲ್ಲಿ ನಿಂತಿದೆ. ಮಕ್ಕಳು ಅದನ್ನು ಬರೀ ‘ವಿಮಾನ’ ಎಂದು ಕರೆಯುತ್ತಾರೆ, ಹಿರಿಯರೂ ಹಾಗೆಯೇ. ಊರಿನ ಇನ್ನೊಂದು ಬದಿಯ ಲೋಹಗಾಂವ್ ವಾಯುನೆಲೆ 2002ರಲ್ಲಿ ಸುಖೋಯ್-30 ಎಂಕೆಐ ವಿಮಾನಗಳು ಮೊದಲು ಸೇರ್ಪಡೆಯಾದ ಜಾಗ. ರಾಷ್ಟ್ರಪತಿ ಅಬ್ದುಲ್ ಕಲಾಂ 2006ರಲ್ಲಿ ಸುಖೋಯ್ ಏರಿ ಹಾರಿದ್ದು ಅಲ್ಲಿಂದಲೇ. ಆ ಗರ್ಜನೆಗೆ ಪುಣೆಯ ಆಕಾಶ ಒಗ್ಗಿಹೋಗಿದೆ. ಕೆಳಗೆ, ಉದ್ಯಾನದ ಗಿಡಮರಗಳ ನಡುವೆ, ಬೆಂಗಳೂರಿನ ವಿಮಾನ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ಅಳತೆಪಟ್ಟಿ ಹಿಡಿದು ಹೋಗುವವನಿಗೆ ಇದಕ್ಕಿಂತ ಒಳ್ಳೆಯ ಆಕರ ಬೇಕೆ? ಜೊತೆಗೆ, ಇದು ಕೇವಲ ಕರ್ನಾಟಕದ ಅಭಿಮಾನದ ವಿಷಯ ಎನ್ನುವ ಮರಾಠಿ ಮಿತ್ರರಿಗೆ ಒಂದು ಮಾತು. ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯನ್ನು ಸ್ಥಾಪಿಸಿದವರು ಸೊಲ್ಲಾಪುರದ ವಾಲಚಂದ್ ಹೀರಾಚಂದ್. ಪುಣೆ ಜಿಲ್ಲೆಯ ವಾಲಚಂದನಗರ ಅವರ ಹೆಸರಿನದು. ಅಲ್ಲಿ ವಿನ್ಯಾಸದ ಅಡಿಪಾಯ ಹಾಕಿದ ಡಾ. ವಿ. ಎಂ. ಘಾಟಗೆಯವರು ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರಲ್ಲಿ ಕಲಿತು ಬಂದವರು.

ಕಟ್ಟಿ ಹಾರಿಸುವುದಕ್ಕೆ ನಾನು ಇಷ್ಟು ಬೆಲೆ ಕೊಡಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ ಹಾರದ ವಿಮಾನಗಳ ಬಗ್ಗೆ ಆಗುವ ಚರ್ಚೆ ಹಾರಿದ ವಿಮಾನಗಳ ಬಗ್ಗೆ ಆಗುವುದಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನೂ, ಅದಕ್ಕಾಗಿ ಬೆಂಗಳೂರಿನಲ್ಲಿ ಬರೆಸಿದ ನಕ್ಷೆಗಳನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅವುಗಳಲ್ಲಿ ಯಾವುದೂ ಹಾರಲಾರದು ಎಂದು ಸಕಾರಣವಾಗಿ ತೋರಿಸಿದರು. ಆದರೂ 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪುರಾತನ ವಿಮಾನಗಳ ಕುರಿತ ಪ್ರಬಂಧಕ್ಕೆ ವೇದಿಕೆ ಸಿಕ್ಕಿತು. ಬೆಂಗಳೂರಿನ ಒಂದು ನಕ್ಷೆಗೆ ದೇಶದ ತುಂಬ ಭಕ್ತರು. ಬೆಂಗಳೂರಿನದೇ ಇನ್ನೊಂದು ನಕ್ಷೆ ಲೋಹವಾಗಿ, ಹಾರಿ, ಯುದ್ಧಕ್ಕೂ ಹೋಗಿ ಬಂದರೂ ಅದಕ್ಕೆ ಉದ್ಯಾನದ ಮೂಲೆ. ಬಾಲ್ಸಾ ಮರ ಭಕ್ತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುತ್ವಕೇಂದ್ರ ಒಂದಿಂಚು ಹಿಂದೆ ಸರಿದರೂ ಮೂಗು ಮೇಲೆತ್ತಿ ಬೀಳುತ್ತದೆ.

ಇನ್ನು ಯುದ್ಧದ ಆರಾಧನೆಯ ಆಕ್ಷೇಪ. ಇದನ್ನು ಹಗುರಾಗಿ ತಳ್ಳಿಹಾಕಲಾರೆ. ಫೋಕೆ-ವುಲ್ಫ್‌ನ ಬಾಲದ ಮೇಲೆ ನಾತ್ಸಿಗಳ ಸ್ವಸ್ತಿಕವಿತ್ತು. ನಿಷ್ಠೆಯ ಹೆಸರಿನಲ್ಲಿ ಅದನ್ನೂ ಬಳಿಯಬೇಕೆ ಎಂಬ ಪ್ರಶ್ನೆ ಬಂದಾಗ ಇಲ್ಲಿನ ಕೆಲವರು, ಅದು ನಮ್ಮ ಮನೆಬಾಗಿಲಿನ ಶುಭಚಿಹ್ನೆ ತಾನೇ ಎಂದು ನಕ್ಕು ಬಳಿಯುತ್ತಾರೆ. ಆ ನಗು ನನಗೆ ಹಿಡಿಸುವುದಿಲ್ಲ. ವಿಮಾನದ ಸೌಂದರ್ಯವನ್ನು ಅದು ಮಾಡಿದ ಕೆಲಸದಿಂದ ಬೇರ್ಪಡಿಸಿ ಸವಿಯುವ ಸೌಲಭ್ಯ ಪರರ ಯುದ್ಧಗಳಲ್ಲಿ ಮಾತ್ರ ಸಿಗುತ್ತದೆ. ಸತ್ತವರು ನಮ್ಮ ಊರಿನವರಲ್ಲವಲ್ಲ! ನಮ್ಮದೇ ವಿಮಾನವನ್ನು ಕಟ್ಟುವವನಿಗೆ ಆ ಸೌಲಭ್ಯವಿಲ್ಲ. ಮಾರುತದ ಕಾಕ್‌ಪಿಟ್ ಕೆತ್ತುವಾಗ ಅದರಲ್ಲಿ ಕುಳಿತು ಹಿಂದಿರುಗದವರ ನೆನಪು ಬಂದೇ ಬರುತ್ತದೆ.

ಪರರ ವಿಮಾನವನ್ನೇ ಕಟ್ಟಿದರೂ ನಮ್ಮದಾಗಿಸಿಕೊಳ್ಳುವ ದಾರಿ ಉಂಟು, ಅದನ್ನು ಒಪ್ಪಿಕೊಳ್ಳಬೇಕು. ಭಾರತೀಯ ವಾಯುಪಡೆ 1944ರಿಂದ ಸ್ಪಿಟ್‌ಫೈರ್ ಹಾರಿಸಿದೆ, ಬರ್ಮಾ ರಣರಂಗದಲ್ಲಿ ಹೋರಾಡಿದೆ. ನನ್ನ ಪರಿಚಯದ ಹವ್ಯಾಸಿಯೊಬ್ಬರು ಬ್ರಿಟಿಷ್ ಗುರುತಿನ ಸ್ಪಿಟ್‌ಫೈರ್ ಪೆಟ್ಟಿಗೆಯನ್ನು ತರಿಸಿ, ಅದರೊಡನೆ ಬಂದ ಸ್ಟಿಕ್ಕರುಗಳನ್ನೆಲ್ಲ ಬದಿಗಿಟ್ಟು, ಬರ್ಮಾದ ಬಣ್ಣ ಬಳಿದರು. ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿದು ಸ್ವಪಕ್ಷದವರೇ ಗುಂಡು ಹಾರಿಸಬಾರದೆಂದು ಅಲ್ಲಿನ ವೃತ್ತಚಿಹ್ನೆಗಳಿಂದ ಕೆಂಪನ್ನು ತೆಗೆದುಹಾಕಿದ್ದರಂತಲ್ಲ, ಆ ನೀಲಿ ಬಿಳಿ ಚಿಹ್ನೆಯನ್ನೇ ಬರೆದರು. ನೋಡಲು ಬಂದವರೆಲ್ಲ ಕೆಂಪು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಆಗ ಕಥೆ ಶುರು. ಒಂದು ಬಣ್ಣದ ಗೈರುಹಾಜರಿಯಿಂದ ಇಷ್ಟು ಇತಿಹಾಸ ಹೊರಡಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಮಾರುತ ಅಷ್ಟು ಸುಲಭವಲ್ಲ. ಸ್ಪಿಟ್‌ಫೈರ್‌ಗೆ ನಕ್ಷೆ, ಕತ್ತರಿಸಿದ ಮರ, ಅಚ್ಚಿನಲ್ಲಿ ತೆಗೆದ ಒಡಲು ಎಲ್ಲ ಪೆಟ್ಟಿಗೆಯಲ್ಲೇ ಬರುತ್ತವೆ. ಮಾರುತಕ್ಕೆ ಅಂಥ ಪೆಟ್ಟಿಗೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಮೊದಲ ಗೆರೆಯಿಂದ ಎಲ್ಲವನ್ನೂ ತಾನೇ ಎಳೆಯಬೇಕು. ಜೆಟ್ ಆದ್ದರಿಂದ ಪುಟ್ಟ ಟರ್ಬೈನುಗಳು ಬೇಕು, ಒಂದೊಂದರ ಬೆಲೆಯೂ ಲಕ್ಷಗಳಲ್ಲಿ. ಇಲ್ಲವೇ ಬ್ಯಾಟರಿಯಿಂದ ತಿರುಗುವ, ಕೊಳವೆಯೊಳಗಿನ ಫ್ಯಾನು. ಸುಮಾರು 16 ಮೀಟರ್ ಉದ್ದಕ್ಕೆ ಬರೀ 9 ಮೀಟರ್ ರೆಕ್ಕೆ. ಆರನೆಯ ಒಂದು ಪಾಲಿಗೆ ಇಳಿಸಿದರೆ ಒಂದೂವರೆ ಮೀಟರ್ ರೆಕ್ಕೆ, ಲೆಕ್ಕದ ತೂಕ ನಲವತ್ತು ಕಿಲೊ ದಾಟುತ್ತದೆ. ಸರ್ಕಾರಿ ನೌಕರನಾದ್ದರಿಂದ ನಿಯಮಾವಳಿ ಓದುವ ಚಟ ನನಗೆ: 2021ರ ಡ್ರೋನ್ ನಿಯಮಗಳು ಮಾದರಿವಿಮಾನವೆಂದು ಗುರುತಿಸುವುದು 25 ಕಿಲೊ ಮೀರದ, ಕಣ್ಣಳತೆಯಲ್ಲಿ ಹಾರಿಸುವಂಥವನ್ನು ಮಾತ್ರ. ಆ ಮಿತಿಯೊಳಗಿದ್ದರೆ ಮಾದರಿಗೆ ಟೈಪ್ ಸರ್ಟಿಫಿಕೇಟಿನ ತೊಡಕಿಲ್ಲ. ಹಾರಿಸುವ ಜಾಗದ ತೊಡಕು ಉಳಿದೇ ಇದೆ. ವಾಯುನೆಲೆ, ದಂಡುಪ್ರದೇಶ, ರಕ್ಷಣಾ ಪ್ರಯೋಗಾಲಯಗಳು, ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇವೆಲ್ಲ ಸುತ್ತುವರಿದ ಪುಣೆಯಲ್ಲಿ ನಕ್ಷೆಯ ಹಸಿರು ವಲಯ ಹುಡುಕಿ ನಸುಕಿಗೇ ಊರಾಚೆ ಹೊರಡಬೇಕು.

ಆದ್ದರಿಂದ ಮಾರುತಕ್ಕೆ ಮುನ್ನ ಎಚ್‌ಟಿ-2 ಕಟ್ಟಿರಿ ಎಂಬುದು ನನ್ನ ಸಲಹೆ. ಘಾಟಗೆಯವರ ಮುಂದಾಳತನದಲ್ಲಿ ರೂಪುಗೊಂಡು 1951ರಲ್ಲಿ ಬೆಂಗಳೂರಿನಲ್ಲಿ ಹಾರಿದ ತರಬೇತಿ ವಿಮಾನ ಅದು. ಯುದ್ಧವಿಮಾನವಲ್ಲ ಎಂದು ಮೂಗು ಮುರಿಯಬೇಕಾಗಿಲ್ಲ. ಆ ಕಾಲದ ಎಷ್ಟೋ ಯುದ್ಧವಿಮಾನಿಗಳು ಹಾರಲು ಕಲಿತದ್ದು ಅದರಲ್ಲಿ. ನೇರವಾದ ರೆಕ್ಕೆ, ಮೂಗಿನಲ್ಲಿ ಪ್ರೊಪೆಲ್ಲರ್, ಮಡಚಬೇಕಾಗಿಲ್ಲದ ಗಾಲಿ. ರೆಕ್ಕೆಯ ಹರವು 10.7 ಮೀಟರ್, ಪೂರ್ಣ ತೂಕ ಸಾವಿರ ಕಿಲೊಗಿಂತ ಸ್ವಲ್ಪ ಹೆಚ್ಚು. ನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ ಎರಡೂಮುಕ್ಕಾಲು ಮೀಟರಿಗೆ ತುಸು ಕಡಿಮೆ, ತೂಕ ಲೆಕ್ಕದಂತೆಯೇ 16 ಕಿಲೊ. ತೂಕದಲ್ಲೂ ಮೂಲಕ್ಕೆ ನಿಷ್ಠವಾಗಿದ್ದು ಹಾರಬಲ್ಲ ಅಪರೂಪದ ವಿಮಾನವಿದು. ಏರೊನಾಟಿಕಲ್ ವಿಭಾಗವಿರುವ ನಮ್ಮ ಕಾಲೇಜುಗಳಲ್ಲಿ ಯಾವುದಾದರೂ ಒಂದು ಅಳತೆಗಳನ್ನು ಸಂಗ್ರಹಿಸಿ, ನಕ್ಷೆ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟರೆ ಉಳಿದದ್ದನ್ನು ಹವ್ಯಾಸಿಗಳು ನೋಡಿಕೊಳ್ಳುತ್ತಾರೆ. ಹಿಂದೂಸ್ತಾನ್ ಏರೊನಾಟಿಕ್ಸ್‌ನವರೂ ತಮ್ಮ ಹಳೆಯ ನಕ್ಷೆಗಳ ಒಂದು ಪ್ರತಿಯನ್ನು ಬೆಂಗಳೂರಿನ ತಮ್ಮ ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಮಾರಬಹುದು. ಅರವತ್ತು ವರ್ಷ ದಾಟಿದ ವಿಮಾನದ ಹೊರಮೈಯಲ್ಲಿ ರಹಸ್ಯವೇನೂ ಉಳಿದಿರಲಾರದು.

ಮಾರುತವನ್ನು ಕಟ್ಟುವ ಧೈರ್ಯ ಯಾರಿಗಾದರೂ ಬಂದರೆ ಅವರಲ್ಲಿ ಒಂದು ಕೋರಿಕೆ. ಕಾಕ್‌ಪಿಟ್ಟಿನಲ್ಲಿ ಕೂರಿಸುವ ಪೈಲಟ್ ಗೊಂಬೆಯನ್ನು ಫೋಕೆ-ವುಲ್ಫ್‌ನ ಪೆಟ್ಟಿಗೆಯಿಂದ ಎರವಲು ತರಬೇಡಿ. ಆ ಚರ್ಮದ ಟೋಪಿ ಮಾರುತದ ಕಾಲದ್ದಲ್ಲ, ಮುಖವೂ ಇಲ್ಲಿಯದಲ್ಲ. ಬೇರೆಯದನ್ನೇ ಕೆತ್ತಿಸಿ.