ಮಕ್ಕಳೆದುರು ಕೊಟ್ಟ ಮಾತು ಎಲ್ಲಿ ಹೋಯಿತು?

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ,



ನಮ್ಮ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡುವ ಶನಿವಾರದ ಕೊನೆಯ ಪಿರಿಯಡ್ ಏನಾಯಿತೆಂದು ತಾಲ್ಲೂಕಿನ ಶಿಕ್ಷಕರಿಗೆಲ್ಲ ಗೊತ್ತು. ಅದನ್ನು ಉಳಿಸಿಕೊಡಿ ಎಂದು ಮುಖ್ಯಶಿಕ್ಷಕರ ಮೂಲಕ ಮನವಿ ಕಳಿಸಿದೆ; ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಫೈಲು ಸಾಹೇಬರ ಟೇಬಲ್ ಮೇಲಿದೆ ಎಂದರು. ಕೊನೆಗೆ ತಾವೇ ಫೋನಿನಲ್ಲಿ "ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ" ಎಂದಿರಿ. ಅದಕ್ಕೇ ಈ ಪತ್ರ.

ಜುಲೈನಲ್ಲಿ ಶಾಲಾ ಭೇಟಿಗೆ ಬಂದಾಗ ತಾವು ಆ ಪಿರಿಯಡ್ಡಿನಲ್ಲಿ ಕೂತಿದ್ದಿರಿ. ರೇಷ್ಮೆ ಬೆಳೆಗಾರರ ಮನೆಯ ಹುಡುಗಿಯೊಬ್ಬಳು, ಹುಳು ನಾಲ್ಕು ಜ್ವರ ಕಳೆದು ಹಣ್ಣಾಗಿ ಚಂದ್ರಿಕೆ ಏರುವವರೆಗಿನ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ವ್ಯಾಕರಣ ಅಲ್ಲಲ್ಲಿ ತಪ್ಪಿತು, ಹುಡುಗಿ ನಿಲ್ಲಲಿಲ್ಲ. ಒದ್ದೆ ಸೊಪ್ಪು ಹಾಕಿದರೆ ಏನಾಗುತ್ತದೆಂದು ಹಿಂದಿನ ಬೆಂಚಿನ ಹುಡುಗ ಇಂಗ್ಲಿಷಿನಲ್ಲೇ ಕೇಳಿದ. ಅವಳು ಯೋಚಿಸಿ ಉತ್ತರಿಸಿದಳು. ತಾವು ಎದ್ದು ನಿಂತು, "ಈ ಪಿರಿಯಡ್ಡನ್ನು ಯಾರೂ ಮುಟ್ಟೋದಿಲ್ಲ, ಇದು ನನ್ನ ಮಾತು" ಎಂದಿರಿ. ನನಗಲ್ಲ, ಮಕ್ಕಳಿಗೆ ಹೇಳಿದಿರಿ.

ಡಿಸೆಂಬರಿನಲ್ಲಿ ತಮ್ಮದೇ ಸಹಿಯ ಆದೇಶ ಬಂತು. ಆ ಪಿರಿಯಡ್ ರದ್ದು. ನಾನು ಹತ್ತನೇ ತರಗತಿಗೆ ಹೋಗಿ, ಪಾಸಾಗುವಷ್ಟು ಅಂಕ ತರುವ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್ ಬರೆಸಬೇಕು.

ಆ ಹುಡುಗಿಯ ಮೂರು ನಿಮಿಷದ ಮಾತಿನ ಹಿಂದೆ ಎಷ್ಟು ಕೆಲಸವಿದೆ ಎಂಬುದನ್ನು ತಮಗೆ ಅಂದೇ ವಿವರಿಸಿದ್ದೆ. ಮಗು ತನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಆರಿಸಿಕೊಳ್ಳುತ್ತದೆ. ಮೊದಲು ಪಕ್ಕದ ಬೆಂಚಿನವರಿಗೆ, ಆಮೇಲೆ ನಾಲ್ಕು ಜನರ ಗುಂಪಿಗೆ, ಕಡೆಗೆ ಇಡೀ ತರಗತಿಗೆ ಅದೇ ವಿಷಯವನ್ನು ಹೇಳುತ್ತದೆ. ಒಂದೇ ಮಾತನ್ನು ಬೇರೆ ಬೇರೆ ಕೇಳುಗರಿಗೆ ನಾಲ್ಕು, ಮೂರು, ಎರಡು ನಿಮಿಷಗಳಲ್ಲಿ ಹೇಳಿಸುವ ಕ್ರಮವನ್ನು ಭಾಷಾ ಬೋಧಕ ಕೀತ್ ಮಾರಿಸ್ 1983ರಲ್ಲೇ ಬರೆದಿದ್ದಾರೆ. ಏನು ಹೇಳಬೇಕೆಂಬುದು ರೂಢಿಯಾದ ಮೇಲೆ ಹೇಗೆ ಹೇಳಬೇಕೆಂಬ ಕಡೆಗೆ ಗಮನ ಹರಿಯುತ್ತದೆ, ತಡವರಿಕೆ ಇಳಿಯುತ್ತದೆ. ಕೈಯಲ್ಲಿ ಐದಾರು ಪದಗಳ ಚೀಟಿ ಮಾತ್ರ. ಪೂರ್ತಿ ಬರೆದುಕೊಂಡರೆ ಬಾಯಿಪಾಠವಾಗುತ್ತದೆ, ಒಂದು ಸಾಲು ಮರೆತರೆ ಮಗು ಮೂಕವಾಗಿ ನಿಲ್ಲುತ್ತದೆ. ಮಾತಿನ ನಡುವೆ ನಾನು ತಿದ್ದುವುದಿಲ್ಲ. ಹಲವರು ಮಾಡಿದ ಒಂದೆರಡು ತಪ್ಪನ್ನು ಆಮೇಲೆ ಹೆಸರೆತ್ತದೆ ಹಲಗೆಯ ಮೇಲೆ ಬರೆಯುತ್ತೇನೆ. ಇದು ವಾರ ತಪ್ಪದೆ ನಡೆಯಬೇಕು. ಒಂದು ತಿಂಗಳು ಬಿಟ್ಟರೆ ಹಳೆಯ ಹೆದರಿಕೆ ಮರಳುತ್ತದೆ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಹತ್ತನೆಯ ತರಗತಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕಗಳಲ್ಲಿ 80 ಬರವಣಿಗೆಗೇ ಹೋಗುತ್ತವೆ. ಉಳಿದ 20 ಆಂತರಿಕ ಅಂಕಗಳನ್ನೂ ಹೆಚ್ಚಿನ ಕಡೆ ಕಿರುಪರೀಕ್ಷೆಯ ಹಾಳೆ ನೋಡಿ ತುಂಬುತ್ತಾರೆ. ಮಗು ಮಾತಾಡಿತೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವರು ನೀವು. ನಿಮ್ಮ ಸಭೆಗಳಲ್ಲಿ ಶೇಕಡಾವಾರು ಫಲಿತಾಂಶದ ಹೊರತು ಬೇರೆ ಮಾತಿಲ್ಲ. ಸಮೀಕ್ಷೆ, ಮತದಾರರ ಪಟ್ಟಿ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರದ ಎಂಟ್ರಿ, ಬಿಸಿಯೂಟದ ಮೊಟ್ಟೆಯ ಲೆಕ್ಕ ಎಲ್ಲಕ್ಕೂ ನಮ್ಮ ಪಿರಿಯಡ್ಡುಗಳೇ ಬೇಕು. ಆಮೇಲೆ ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ವೇದಿಕೆಯ ಮೇಲೆ ನಿಂತು ಮರುಗುತ್ತೀರಿ.

ಹತ್ತನೇ ತರಗತಿಯವರಿಗೆ ನಾನು ಬೆಳಗಿನ ವಿಶೇಷ ತರಗತಿ ಮಾಡುತ್ತಲೇ ಇದ್ದೇನೆ, ಇನ್ನೂ ಬೇಕಾದರೆ ಸಂಜೆಯೂ ಮಾಡುತ್ತೇನೆಂದು ಮನವಿಯಲ್ಲಿ ಬರೆದಿದ್ದೆ. ಅದನ್ನು ನೀವು ಓದಿಯೇ ಇಲ್ಲ.

ಆ ಆದೇಶವನ್ನು ವಾಪಸ್ ಪಡೆಯಿರಿ. ಆಂತರಿಕ ಅಂಕಗಳಲ್ಲಿ ಮಾತಿಗೆ ಇಷ್ಟೆಂದು ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಬರೆದು ಕಳಿಸಿ. ಆಗುವುದಿಲ್ಲವೆಂದರೆ, ಜುಲೈನಲ್ಲಿ ಬಂದ ಹಾಗೆಯೇ ಬಂದು, ನಿಮ್ಮ ಮಾತು ಏಕೆ ನಡೆಯಲಿಲ್ಲವೆಂದು ಮಕ್ಕಳಿಗೆ ನೀವೇ ಹೇಳಿ. ನಿಮ್ಮ ಪರವಾಗಿ ನಾನು ಹೇಳುವುದಿಲ್ಲ.

ಇಂತಿ,
ಒಬ್ಬ ಇಂಗ್ಲಿಷ್ ಶಿಕ್ಷಕಿ