ತೂತು ಕೊರದ್ರ ನಡೀತದ, ಒಂದಿಂಚು ಕೊಯ್ದ್ರ ಅಪಚಾರ?

ಕಾಕು, ಮಾವಶಿ, ವೈನಿ, ಎಲ್ಲಾರೂ ಫೋನ್ ಮಾಡಿದಾಗ ಕೇಳೋದು ಒಂದ ಪ್ರಶ್ನೆ: "ಅಲ್ಲ, ನಿನ್ನ ಮಗಳು ಬಂದೂಕು ಹೊಡೀತಾಳಂತಲ್ಲ, ಖರೇ ಏನು?" ಖರೇನ. ಹೋದ ವರ್ಷ ಕೈಲ್ ಪೊಳ್ದ್ ಹಬ್ಬದಾಗ ಮೂರು ಗುಂಡು ಹೊಡದ್ಲು, ಮೂರೂ ತಪ್ಪಿದವು. ತೆಂಗಿನಕಾಯಿ ಇದ್ದಲ್ಲೇ ಇತ್ತು. ಮೈದಾನದಾಗ ನಿಂತ ಗಂಡಸರು ನಕ್ಕರು. "ಬೆಂಗಳೂರಿನ ಕೈ, ಕೀಬೋರ್ಡಿಗೇ ಸರಿ" ಅಂದ್ರು ಒಬ್ಬರು. ನಮ್ಮವರ ಅವರು, ಪ್ರೀತಿಯಿಂದನ ಅಂದದ್ದು. ಆದ್ರ ಹುಡುಗಿ ಕೋವಿ ಮೇಜಿನ ಮ್ಯಾಲಿಟ್ಟು ಬಂದು ನನ್ನ ಬಾಜೂಕ ಕೂತ್ಲು, ಊಟ ಮುಗಿಯೋತನಕ ಮಾತಾಡಲಿಲ್ಲ. ಈ ವರ್ಷ "ಹಬ್ಬಕ್ಕ ಬರೋದಿಲ್ಲವ್ವ, ರಜೆ ಇಲ್ಲ" ಅನ್ನಲಿಕ್ಕತ್ತಾಳ. ರಜೆ ಅದ, ನನಗ ಗೊತ್ತದ.

ಹಿಂಗಾಗಿ ಇವತ್ತ ಸಿಟ್ಟಿಲೆ ಬರೀತೀನಿ. ಹುಡುಗಿ ಕೈಯಾಗ ತಪ್ಪಿರಲಿಲ್ಲ. ಕೋವಿ ಆಕಿಗಂತ ತಯಾರಾಗಿರಲಿಲ್ಲ.

ಧಾರವಾಡದ ನಿಮಗ ಇಲ್ಲಿಯ ರೀತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಂದೂಕು ಅಂದ್ರ ಪೊಲೀಸ್ರದು, ಇಲ್ಲಾ ಸಿನೆಮಾದ್ದು. ನಾ ಲಗ್ನಾಗಿ ಬಂದ ಈ ಕೊಡವರ ಮನ್ಯಾಗ ಕೋವಿ ದೇವರ ಸಾಮಾನಿದ್ದಂಗ. ನಾಟಿ ಮುಗದ ಮ್ಯಾಲೆ, ಸೆಪ್ಟೆಂಬರ್ ಸುರುವಿನಾಗ ಕೈಲ್ ಪೊಳ್ದ್ ಬರತದ. ಅವತ್ತ ಕೋವಿ, ಕತ್ತಿ ಎಲ್ಲಾ ತೊಳದು ಒರಸಿ ಕನ್ನಿ ಕೋಂಬರೆಯೊಳಗಿಟ್ಟು, ತೋಕ್ ಪೂ ಏರಿಸಿ ಪೂಜಾ ಮಾಡತಾರ. ತೋಕ್ ಅಂದ್ರ ಕೋವಿ, ಪೂ ಅಂದ್ರ ಹೂ. ಕಡಂಬುಟ್ಟು, ಪಂದಿ ಕರಿ ಊಟ. ಆಮ್ಯಾಲೆ ಊರ ಮೈದಾನದಾಗ ತೆಂಗಿನಕಾಯಿಗೆ ಗುಂಡು ಹೊಡಿಯೋ ಪಂದ್ಯ, ಹೆಂಗಸರಿಗೂ ಇರತದ. ಲೈಸೆನ್ಸ್ ಇಲ್ಲೇನ ಅಂತ ಅಂಜಬ್ಯಾಡ್ರಿ. 1959ರ ಶಸ್ತ್ರ ಕಾಯ್ದೆ ಒಳಗ ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ವಿನಾಯಿತಿ ಅದ. 2019ರಾಗ ಕೇಂದ್ರ ಸರಕಾರ ಅದನ್ನ 2029ರ ತನಕ ಮುಂದುವರಿಸ್ಯದ. ಮಗಳ ವಯಸ್ಸು 23. ಕಾಗದಪತ್ರ ಎಲ್ಲಾ ನೆಟ್ಟಗ ಅವ.

ಈಗ ಆ ಕೋವಿ ಕತಿ ಕೇಳ್ರಿ. ಅದು ನಮ್ಮ ಮಾವನವರ ಅಪ್ಪಂದು, ಪಾಯಿಂಟ್ 22 ರೈಫಲ್. ಅವರು ಆರಡಿ ಆಳು. ಆ ಕಾಲದಾಗ ಅದನ್ನ ತೊಗೊಂಡು ಮೊಲ, ಕಾಡುಕೋಳಿ ಅಂತ ತಿರಗತಿದ್ರಂತ. 1972ರ ವನ್ಯಜೀವಿ ಕಾಯ್ದೆ ಬಂದಮ್ಯಾಲೆ ಬ್ಯಾಟಿ ನಿಂತು, ಕೋವಿಗೆ ಉಳಿದ ಕೆಲಸ ಅಂದ್ರ ತೆಂಗಿನಕಾಯಿ ಒಂದ. ಬ್ಯಾಟಿ ಕೋವಿಯನ್ನ 50 ಮೀಟರ್ ಗುರಿಗೆ ಹಚ್ಚಬೇಕಂದ್ರ ಅದಕ್ಕ ತಯಾರಿ ಬೇಕು. ಬ್ಯಾಟಿಯೊಳಗ ಹತ್ತಿರದಿಂದ ಒಂದು ಗುಂಡು ಹೊಡದ್ರ ಮುಗೀತು. ಇಲ್ಲಿ ಹೊಡದ ಗುಂಡೆಲ್ಲಾ ಒಂದ ಜಾಗಾಕ್ಕ ಹೋಗಬೇಕು.

ನಮ್ಮ ಮನಿ ಗಂಡಸರು ಮಾಡಿದ ತಯಾರಿ ಏನು? ಸ್ಕೋಪ್ ತಂದ್ರು. ಅಂದ್ರ ಕೋವಿ ಮ್ಯಾಲೆ ಕೂಡಿಸೋ ದುರ್ಬೀನು. ಅದನ್ನ ಕೂಡಿಸಲಿಕ್ಕೆ ಹಳೇ ಕೋವಿ ಉಕ್ಕಿನಾಗ ನಾಕು ತೂತು ಕೊರಸಿದ್ರು. ಅಜ್ಜನ ಕೋವಿ, ಪೂಜಾ ಮಾಡೋ ಕೋವಿ, ಅದಕ್ಕ ಡ್ರಿಲ್ ಹಚ್ಚಿದಾಗ ಒಬ್ಬರೂ "ಅಪಚಾರ" ಅನ್ನಲಿಲ್ಲ.

ಹಬ್ಬ ಮುಗದ ಮ್ಯಾಲೆ ನಾ ಒಂದ ಮಾತು ಕೇಳಿದೆ: "ಮಾವಾ, ಭುಜಕ್ಕ ಆನಿಸೋ ಕಟ್ಟಿಗಿ ಹುಡುಗಿಗೆ ಉದ್ದ ಆಗತದ, ಒಂದಿಂಚು ಕೊಯ್ಸೋಣ?" ಮನಿಯೆಲ್ಲಾ ಒಮ್ಮೆಲೆ ಸುಮ್ಮನಾತು. "ಅಪ್ಪನ ಕೋವಿಗೆ ಗರಗಸ ಹಾಕೋದಾ? ಬೇಡಮ್ಮಾ, ಆ ಮಾತು ಬೇಡ" ಅಂದ್ರು.

ಉಕ್ಕಿಗೆ ತೂತು ನಡೀತದ, ಕಟ್ಟಿಗಿ ಒಂದಿಂಚು ನಡಿಯೋದಿಲ್ಲ. ತೂತು ಗಂಡಸರ ಕಣ್ಣಿಗೆ ಬೇಕಾಗಿತ್ತು, ಇಂಚು ಹುಡುಗಿ ತೋಳಿಗೆ ಬೇಕಾಗಿತ್ತು. ಫರಕ್ ಇಷ್ಟ.

ಒಂದಿಂಚಿನಿಂದ ಏನಾಗತದ ಅಂತ ಕೇಳತೀರಿ. ಅಳತಿ ನೋಡೋದು ಸರಳ ಅದ. ಕೋವಿ ಖಾಲಿ ಅದ ಅಂತ ಎರಡು ಸಲ ನೋಡಿ, ತೋಳು ಮಡಚಿ, ಮೊಣಕೈ ಒಳಗಿನ ಮಡಿಕೆಗೆ ಕಟ್ಟಿಗಿ ಹಿಂಬದಿ ಆನಿಸಬೇಕು. ಆಗ ತೋರುಬೆರಳು ಟ್ರಿಗರಿಗೆ ಆರಾಮ ಮುಟ್ಟಬೇಕು. ಮಗಳ ಬೆರಳು ಒಂದೂಕಾಲು ಇಂಚು ಹಿಂದ ಉಳೀತದ. ಕಡಿಮಿ ಬಿದ್ದದ್ದನ್ನ ಆಕಿ ಮೈಯಿಂದ ತುಂಬತಾಳ: ಸೊಂಟ ಹಿಂದಕ್ಕ ಬಾಗಸ್ತಾಳ, ಎಡಗೈ ಪೂರ್ತಿ ಚಾಚತಾಳ, ಕುತ್ತಿಗಿ ಮುಂದ ಎಳೀತಾಳ. ಕೋವಿ ಭಾರ ಎಲ್ಲಾ ಮುಂದಿನ ಕೈ ಮ್ಯಾಲೆ ಬೀಳತದ, ಎರಡು ನಿಮಿಷಕ್ಕ ಕೈ ನಡಗತದ. ನೋಡಿದವರು "ಹೆಣ್ಣಿನ ಕೈ" ಅಂತಾರ.

ಸ್ಕೋಪ್ ಬಂದದ್ದರಿಂದ ಇನ್ನೂ ಕೆಟ್ಟಿತು. ಕಣ್ಣು ಅದರಿಂದ ಸರಿಯಾದ ದೂರಕ್ಕಿರಬೇಕು, ಹಿಂದ ಉಳದ್ರ ಸುತ್ತಲೂ ಕರೀ ನೆರಳು ಕಾಣತದ. ಹಳೇ ಕಟ್ಟಿಗಿ ಮಾಡಿದ್ದು ಕೋವಿ ಮ್ಯಾಲಿನ ಸಣ್ಣ ಗುರಿಮಣಿ ನೋಡಲಿಕ್ಕೆ. ಸ್ಕೋಪ್ ಅದಕ್ಕಿಂತ ಎತ್ತರ ಕೂಡತದ, ಹಿಂಗಾಗಿ ಗಲ್ಲ ಕಟ್ಟಿಗಿ ಬಿಟ್ಟು ಮ್ಯಾಲೇಳತದ, ತಲಿ ಗಾಳಿಯಾಗ ತೇಲತದ. ಬ್ಯಾಟಿ ಸ್ಕೋಪು ಸಾಮಾನ್ಯವಾಗಿ 100 ಗಜಕ್ಕ ಹೊಂದಿಸಿದ್ದಿರತಾವ. 50 ಮೀಟರಿಗೆ ನೋಡುವಾಗ ಕಣ್ಣು ಅತ್ತಿತ್ತ ಆದ್ರ ಒಳಗಿನ ಅಡ್ಡಗೆರಿನೂ ಕಾಯಿ ಮ್ಯಾಲೆ ಅತ್ತಿತ್ತ ಆಗತದ. ರೊಕ್ಕ ಕೊಟ್ಟು ತಂದ ಸಾಮಾನು ಹುಡುಗಿಗೆ ಅಡ್ಡಿ ಆತು.

ನಿಜವಾದ ತಯಾರಿಯೊಳಗ ಬಾಳ ಭಾಗ ರೊಕ್ಕದ್ದಲ್ಲ. ನಮ್ಮ ಅಡಿಗಿಮನಿ ಬುದ್ಧಿನ ಸಾಕು. ಕೊಡಗಿನ ಮಳಿಗಾಲ ನಿಮಗ ಗೊತ್ತದ, ಉಪ್ಪಿನ ಡಬ್ಬಿ ನೀರಾಗತದ, ಬಾಗಲಾ ಉಬ್ಬಿ ಮುಚ್ಚೋದಿಲ್ಲ. ಅದ ಮಳ್ಯಾಗ ಕೋವಿ ಕಟ್ಟಿಗಿನೂ ಉಬ್ಬತದ. ಉಬ್ಬಿ ನಳಿಗಿಗೆ ಒಂದ ಮಗ್ಗುಲಾ ಒತ್ತಿದ್ರ ಗುಂಡು ಇನ್ನೊಂದು ಕಡೆ ಹೋಗತದ. ಹೋದ ವರ್ಷ ಹೊಂದಿಸಿದ ಗುರಿ ಈ ವರ್ಷ ಇರೋದಿಲ್ಲ. ನಳಿಗಿ ಮತ್ತ ಕಟ್ಟಿಗಿ ನಡುವ ಒಂದು ಕಾಗದ ತೂರಿಸಿ ನೋಡ್ರಿ, ಎಲ್ಲಿ ಹಿಡೀತದ ತಿಳೀತದ. ಕೆಲವು ಕೋವಿಯೊಳಗ ಬೇಕಂತನ ಒಂದು ಕಡೆ ತಾಗಿಸಿರತಾರ, ಅದಕ್ಕ ಕೆರೆಯೋ ಮುಂಚೆ ತಿಳದವರನ್ನ ಕೇಳಬೇಕು.

ಆಮ್ಯಾಲೆ ಸ್ಕ್ರೂ. ಕಟ್ಟಿಗಿ ಹಿಡಿಯೋ ಸ್ಕ್ರೂ ಸಡಲಿದ್ರ ದೇವರು ಬಂದು ಗುರಿ ಇಟ್ರೂ ತಪ್ಪತದ. ನಮ್ಮದು ಸಡಲಿತ್ತು! ಪೂಜಾಕ್ಕಿಂತ ಮುಂಚೆ ಫಳಫಳ ಒರಸಿದವರು ಯಾರೂ ತಿರುವಿ ನೋಡಿರಲಿಲ್ಲ. ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ, ಹಂಗ ಬಿಗಿ ಮಾಡಬೇಕು, ಕಟ್ಟಿಗಿ ನಲಗೋಹಂಗ ಅಲ್ಲ. ಎಣ್ಣಿನೂ ಹಂಗ. ತುಕ್ಕು ಹಿಡೀಬಾರದಂತ ನಳಿಗಿ ಒಳಗ ಹಚ್ಚಿದ್ದನ್ನ ಹೊಡಿಯೋ ಮುಂಚೆ ಒಣ ಅರಿವಿಲೆ ಒರಸಬೇಕು, ಇಲ್ಲಾಂದ್ರ ಮೊದಲಿನ ಗುಂಡು ದಾರಿ ತಪ್ಪತದ. ಗುಂಡುಗಳೂ ಒಂದ ಕಂಪನಿದು, ಒಂದ ಡಬ್ಬಿದು ಇರಬೇಕು. ಎರಡು ನಮೂನಿ ಅಕ್ಕಿ ಕೂಡಿಸಿ ಅನ್ನಕ್ಕಿಟ್ರ ಒಂದು ಮುದ್ದಿ, ಒಂದು ಕಾಳು ಆಗತದಲ್ಲ, ಹಂಗ. ಟ್ರಿಗರ್ ಮಾತ್ರ ಮನ್ಯಾಗ ಯಾರೂ ಅರ ಹಚ್ಚಿ ತಿಕ್ಕಬ್ಯಾಡ್ರಿ, ಹಗುರ ಮಾಡಲಿಕ್ಕೆ ಹೋದ್ರ ಕೋವಿ ತಾನ ಹಾರತದ.

ಇದೆಲ್ಲಾ ಮಾಡಿ, ಹೋದ ತಿಂಗಳು ನನ್ನ ಗಂಡ ಉಸುಕಿನ ಚೀಲದ ಮ್ಯಾಲೆ ಕೋವಿ ಇಟ್ಟು ಐದು ಗುಂಡು ಹೊಡದ್ರು. ಹಿಂದ ಎತ್ತರದ ಮಣ್ಣಿನ ದಿಬ್ಬ ಇತ್ತು, ಯಾಕಂದ್ರ ಈ ಸಣ್ಣ 22ರ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗತದ. ಐದೂ ಒಂದು ಚಹಾದ ಕಪ್ಪಿನ ಬಾಯಿಯೊಳಗ ಬಿದ್ದವು, ಆದ್ರ ನಡುವಿನ ಗುರಿಗಿಂತ ಒಂದು ಅಂಗೈ ಎಡಕ್ಕ. ಅಂದ್ರ ಹೋದ ವರ್ಷ ಮಗಳು ನೆಟ್ಟಗ ಗುರಿ ಇಟ್ಟಿದ್ರೂ ಕಾಯಿ ಒಡೀತಿರಲಿಲ್ಲ. ನಕ್ಕವರಿಗೆ ಈ ಹಾಳಿ ತೋರಸೇನಿ. "ಹೌದಲ್ಲ" ಅಂದ್ರು. ಹೌದಲ್ಲ ಅಂದ್ರ ಆತ?

ಇನ್ನೊಂದು ಪುರಾವೆ ಅದ. ಬಾಜೂ ತೋಟದ ಅಕ್ಕ ತಮ್ಮ ರೈಫಲ್ಲಿನ ಕಟ್ಟಿಗಿಯನ್ನ ತಮ್ಮ ತೋಳಿಗೆ ತಕ್ಕಂಗ ಮಾಡಿಸ್ಯಾರ. ದೀಪಾವಳಿಗೆ ಮಗಳು ಬಂದಾಗ "ಇದನ್ನ ಹಿಡಿ ನೋಡು" ಅಂತ ಕೊಟ್ಟಿದ್ರು. ಅದ 50 ಮೀಟರ್, ಎರಡನೇ ಗುಂಡಿಗೆ ಕಾಯಿ ಎರಡು ಹೋಳು. ಒಂದ ಕೈ, ಒಂದ ಕಣ್ಣು, ಕಟ್ಟಿಗಿ ಮಾತ್ರ ಬ್ಯಾರೆ.

ನಮ್ಮ ಬೆಳಗಾವಿ ಬಾಜೂಕಿನ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಾಗ 50 ಮೀಟರ್ ರೈಫಲ್ಲಿಗೆ ಕಂಚು ತಂದ. ಅಂಥಾ ಪಂದ್ಯದ ರೈಫಲ್ ಟಿವ್ಯಾಗ ನೋಡ್ರಿ: ಭುಜದ ಕಡೆ ಹಿಂದ ಮುಂದ ಸರೀತದ, ಗಲ್ಲದ ಕಡೆ ಮ್ಯಾಲೆ ಕೆಳಗ ಆಗತದ. ಅವರ್ಯಾರೂ "ಅಜ್ಜನ ಅಳತಿಗೆ ನೀ ಬೆಳಿ" ಅನ್ನೋದಿಲ್ಲ. ನಾವು ಸೊಸಿಗೆ ಅತ್ತಿ ಕುಪ್ಪಸ ಕೊಟ್ರ ಟಾಕಿ ಹಾಕಿ ಕೊಡತೀವಿಲ್ಲೋ?

ಮಾವನವರ ಸಂಕಟ ನನಗ ತಿಳಿಯೋದಿಲ್ಲ ಅಂತಲ್ಲ. ಅಪ್ಪನ ಕೈ ತಾಗಿ ನುಣುಪಾದ ಕಟ್ಟಿಗಿ ಅದು. ಅದಕ್ಕ ನಾ ಹೇಳೋದು ಇಷ್ಟ: ಲೈಸೆನ್ಸ್ ಇದ್ದ ರಿಪೇರಿಯವರ ಕಡೆ ಒಂದೂಕಾಲು ಇಂಚು ಕೊಯ್ಸೋಣ, ಕೊಯ್ದ ತುಂಡು ಒಗಿಯೋದು ಬ್ಯಾಡ. ಅದಕ್ಕ ಉದ್ದ ಸ್ಕ್ರೂ ಹಾಕಿಸಿದ್ರ ಎತ್ತರದವರು ಹೊಡಿಯೋವಾಗ ಮತ್ತ ಕೂಡಿಸಬಹುದು. ನಳಿಗಿ ಮೋಟು ಮಾಡೋದು ಕಾನೂನಿನಾಗ ಅಪರಾಧ, ಅದನ್ನ ಯಾರೂ ಕೇಳ್ತಿಲ್ಲ. ಕೊಯ್ಯೋದ ಬ್ಯಾಡಂದ್ರ ಹೊಸಾ ಕಟ್ಟಿಗಿ ಮಾಡಿಸಿ ಕೂಡಿಸೋಣ, ಅಜ್ಜಂದು ಕಪಾಟಿನಾಗಿರಲಿ. ಸ್ಕೋಪಿಗೆ ಇದ್ದ ರೊಕ್ಕ ಇದಕ್ಕಿಲ್ಲೇನು?

ಗಲ್ಲದ ಕೆಲಸ ನಾ ಯಾರನ್ನೂ ಕೇಳದ ಮುಗಿಸೇನಿ. ನಮ್ಮವ್ವ ಹೊಲದ ಹಳೇ ಕೌದಿಯ ಒಂದು ತುಂಡು ಮಡಚಿ, ದಪ್ಪಗ ಹೊಲದು, ಲಾಡಿ ಹಚ್ಚೇನಿ. ಕಟ್ಟಿಗಿ ಮ್ಯಾಲೆ ಕಟ್ಟಿದ್ರ ಗಲ್ಲ ಸರಿಯಾದ ಎತ್ತರಕ್ಕ ಬರತದ. ಬ್ಯಾಡಾದಾಗ ಬಿಚ್ಚಬಹುದು, ಕೋವಿಗೆ ಒಂದು ಗೀರೂ ಇಲ್ಲ. ಮಾವನವರು ಅದನ್ನ ನೋಡಿದ್ರು, ಮುಟ್ಟಿದ್ರು, ಏನೂ ಅನ್ನಲಿಲ್ಲ.

ನೀವೂ ಫೋನ್ ಮಾಡಿದಾಗ "ಹೆಣ್ಣು ಹುಡುಗಿಗೆ ಅದ್ಯಾಕ" ಅನ್ನೋದು ಬಿಡ್ರಿ. ಕೋವಿ ಇದ್ದ ಮನ್ಯಾಗ ಕೋವಿ ತಿಳೀದ ಹೆಂಗಸು ಇರಬಾರದು. ನಮ್ಮ ಮನ್ಯಾಗ ಗುಂಡು ಒಂದು ಬೀಗದಾಗ, ಕೋವಿ ಇನ್ನೊಂದು ಬೀಗದಾಗ ಅವ. ಈ ಪದ್ಧತಿ ಹಾಕಿದಾಕಿ ನಾನ. ಹಂದಿ ಅಂತ ತಿಳದು ಮನುಷ್ಯಾನಿಗೆ ಗುಂಡು ಹೊಡದ ಸುದ್ದಿ ಇಲ್ಲಿ ಪೇಪರಿನಾಗ ಆಗಾಗ ಬರತದ. ನಳಿಗಿ ಯಾವ ಕಡೆ ಅದ, ಗುರಿ ಹಿಂದ ಏನದ ಅಂತ ಮೊದಲ ನೋಡೋ ರೂಢಿ ನನ್ನ ಮಗಳಿಗದ. ಅದಕ್ಕ ನಾ ಅಂಜೋದಿಲ್ಲ.

ಹಬ್ಬಕ್ಕ ಇನ್ನ ಏಳು ವಾರ ಅದ. ಕೋವಿ ಕನ್ನಿ ಕೋಂಬರೆ ಒಳಗ ಹೋಗೋಕಿಂತ ಮೊದಲ ರಿಪೇರಿಯವರ ಕಡೆ ಹೋಗಿ ಬರಬೇಕು ಅಂತ ನಿನ್ನೆ ರಾತ್ರಿ ಊಟದಾಗ ಮತ್ತೊಮ್ಮೆ ಹೇಳೇನಿ. ಮಾವನವರು "ನೋಡೋಣ" ಅಂದ್ರು. ಹೋದ ವರ್ಷ "ಬೇಡ" ಅಂದಿದ್ರು. ಮಗಳಿಗೆ ಇನ್ನೂ ಹೇಳಿಲ್ಲ. ನೀವೂ ಆಕಿಗೆ ಫೋನ್ ಮಾಡ್ರಿ, ಹಬ್ಬಕ್ಕ ಬಾ ಅನ್ರಿ. ಉಳಿದದ್ದು ನಾ ನೋಡ್ಕೋತೀನಿ.