ಬಾಗಿನದ ಮೊರಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಡ



ಗೌರಿ ಹಬ್ಬ ಹತ್ತಿರ ಬಂತೆಂದರೆ ಮಾರುಕಟ್ಟೆಯಲ್ಲಿ ‘ರೆಡಿ ಬಾಗಿನ’ಗಳ ಸಾಲು ಶುರುವಾಗುತ್ತದೆ. ಬಿದಿರಿನ ಮೊರದೊಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ. ಎಲ್ಲದರ ಮೇಲೆ ಬಿಗಿಯಾಗಿ ಎಳೆದು ಟೇಪು ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಮದುವೆಯ ಹಣ್ಣಿನ ಬುಟ್ಟಿಗೂ ದೀಪಾವಳಿಯ ಉಡುಗೊರೆ ಬುಟ್ಟಿಗೂ ಇದೇ ಹೊದಿಕೆ. ಇದಕ್ಕೆ ಈ ಹಬ್ಬದಿಂದಲೇ ಕಡಿವಾಣ ಬೀಳಬೇಕು.

ಕಾನೂನು ಇಲ್ಲವೆಂದಲ್ಲ. ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಕ್ಯಾರಿಬ್ಯಾಗ್, ಲೋಟ, ತಟ್ಟೆಗಳ ಜೊತೆಗೆ ಕ್ಲಿಂಗ್ ಫಿಲ್ಮ್ ಎಂಬ ಸುತ್ತುವ ತೆಳು ಹಾಳೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಯಾದ ಕೇಂದ್ರದ ನಿಷೇಧವು ಸಿಹಿ ತಿಂಡಿಯ ಡಬ್ಬಿ, ಆಹ್ವಾನ ಪತ್ರಿಕೆ, ಸಿಗರೇಟು ಪ್ಯಾಕುಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಹೆಸರಿಸಿಯೇ ಹೇಳುತ್ತದೆ. ಉಡುಗೊರೆ ಬುಟ್ಟಿಯ ಹೆಸರು ಮಾತ್ರ ಆ ಸಾಲಿನಲ್ಲಿಲ್ಲ. ಮೈಸೂರುಪಾಕಿನ ಡಬ್ಬಿಗೆ ಸುತ್ತಿದರೆ ತಪ್ಪಾಗುವ ಹಾಳೆ, ಪಕ್ಕದಲ್ಲಿಟ್ಟ ಮೊರಕ್ಕೆ ಸುತ್ತಿದರೆ ಸರಿಯಾಗುವುದು ಹೇಗೆ? ಬಳಸಿ ಬಿಸಾಡುವುದು ಎರಡನ್ನೂ ತಾನೇ?

ಹಾಳೆ ಇಲ್ಲದಿದ್ದರೆ ಸಾಮಾನು ಚೆಲ್ಲುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ ಎಂಬುದು ಅಂಗಡಿಯವರ ಮಾತು. ಆದರೆ ಬಾಗಿನಕ್ಕೆ ಮುಚ್ಚಳ ನಮ್ಮ ಪದ್ಧತಿಯಲ್ಲೇ ಇದೆ. ಒಂದು ಮೊರದಲ್ಲಿ ಸಾಮಾನು ಜೋಡಿಸಿ, ಅದರ ಮೇಲೆ ಇನ್ನೊಂದು ಮೊರ ಕವುಚಿ, ಸೆರಗು ಹೊದಿಸಿ ಕೊಡುವುದೇ ಮೊರದ ಬಾಗಿನ. ಅಕ್ಕಿ, ಬೇಳೆಯನ್ನು ಪುಟ್ಟ ಬಟ್ಟೆ ಚೀಲಗಳಲ್ಲಿ ಕಟ್ಟಿ, ತೆಂಗಿನಕಾಯಿಯನ್ನು ಮೊರದ ಹಿಂಬದಿಯ ಎತ್ತರದ ಅಂಚಿಗೆ ಒತ್ತರಿಸಿ, ಬಳೆ, ಕನ್ನಡಿಯನ್ನು ರವಿಕೆ ಕಣದ ಮಡಿಕೆಯೊಳಗಿಟ್ಟರೆ ಯಾವುದೂ ಅಲುಗದು. ಜೋಡಿ ಮೊರಕ್ಕೆ ಅರಿಶಿನ ಹಚ್ಚಿದ ಹತ್ತಿ ದಾರವನ್ನು ಎರಡು ಕಡೆ ಸುತ್ತಿ ಬಿಗಿದರೆ ಬಸ್ಸಿನಲ್ಲಿ ಒಯ್ದರೂ ಬಿಚ್ಚಿಕೊಳ್ಳದು. ದಾರಕ್ಕೆ ನಾಲ್ಕು ಸೇವಂತಿಗೆ ಸಿಕ್ಕಿಸಿದರೆ ಅಂದಕ್ಕೂ ಕೊರತೆಯಿಲ್ಲ.

ಹಣ್ಣಿನ ಬುಟ್ಟಿಯೂ ಅಷ್ಟೇ. ತಳಕ್ಕೆ ಒಣಹುಲ್ಲು ಹಾಸಿ, ದಾಳಿಂಬೆ, ಸೇಬಿನಂಥ ಗಟ್ಟಿ ಹಣ್ಣು ಕೆಳಗೆ, ದ್ರಾಕ್ಷಿ, ಬಾಳೆ ಮೇಲೆ ಇಟ್ಟು, ತೆಳು ಹತ್ತಿ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರೆ ಸಾಕು. ಆ ಬಟ್ಟೆ ಮನೆಯಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಪ್ಲಾಸ್ಟಿಕ್ ಸುತ್ತಿದ ಬುಟ್ಟಿಯೊಳಗೆ ಹಣ್ಣು ಬೆವರುತ್ತದೆ. ಮಾಗುವ ಹಣ್ಣು ಬಿಡುವ ಎಥಿಲಿನ್ ಅನಿಲ ಹೊರಹೋಗದೆ ಬಾಳೆಹಣ್ಣು ಬೇಗ ಕಪ್ಪಾಗುತ್ತದೆ. ಬಿಚ್ಚಿದ ಮೇಲೆ ಟೇಪಿನ ಅಂಟು ಮೆತ್ತಿದ ಹಾಳೆಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಅದು ಚರಂಡಿಗೋ ಕೆರೆಗೋ ಸೇರುತ್ತದೆ.

ಇದರಲ್ಲಿ ಮೇದರ ಬದುಕಿನ ಪ್ರಶ್ನೆಯೂ ಇದೆ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವ ಈ ಸಮುದಾಯಕ್ಕೆ ಗೌರಿ ಹಬ್ಬ ವರ್ಷದ ದೊಡ್ಡ ಸುಗ್ಗಿ. ಮೇಲಿನ ಮೊರದ ಜಾಗವನ್ನು ಪ್ಲಾಸ್ಟಿಕ್ ಹಾಳೆ ಕಿತ್ತುಕೊಂಡಾಗ, ಜೋಡಿ ಮೊರ ಮಾರಬೇಕಾದ ಮೇದರು ಒಂದನ್ನಷ್ಟೇ ಮಾರುತ್ತಾರೆ. ಇದು ಅವರ ದುಡಿಮೆಯ ಅರ್ಧವನ್ನೇ ಕಸಿದಂತೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಗಣೇಶ ಮೂರ್ತಿಗಳ ಬಗ್ಗೆ ಸೂಚನೆ ಹೊರಡಿಸುವಾಗ ಮಾಲಿನ್ಯ ನಿಯಂತ್ರಣ ಮಂಡಳಿಯು ಬಾಗಿನ, ಬುಟ್ಟಿಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಹೆಸರಿಸಿ ನಿಷೇಧಿಸಲಿ. ನಗರಪಾಲಿಕೆಗಳು ಹಬ್ಬದ ಹಿಂದಿನ ದಿನ ದಂಡ ಹಾಕಲು ಹೊರಡುವ ಬದಲು, ತಿಂಗಳ ಮೊದಲೇ ವರ್ತಕರಿಗೆ ತಿಳಿಸಿ, ಹಬ್ಬದ ಸಂತೆಯಲ್ಲಿ ಮೇದರಿಗೆ ಬಾಡಿಗೆಯಿಲ್ಲದ ಜಾಗ ಕೊಡಲಿ. ಕನ್ನಂಬಾಡಿ ಅಣೆಕಟ್ಟೆ ತುಂಬಿದಾಗ ಕಾವೇರಿಗೆ ಮುಖ್ಯಮಂತ್ರಿಗಳು ಅರ್ಪಿಸುವ ಬಾಗಿನವನ್ನು ನಾಡೇ ನೋಡುತ್ತದೆ. ಅದರಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಇರದಂತೆ ನೋಡಿಕೊಂಡು, ಹಾಗೆಂದು ಸರ್ಕಾರ ಸಾರಿ ಹೇಳಲಿ. ಕೊಳ್ಳುವ ನಾವೂ ಹಾಳೆ ಸುತ್ತಿದ ಮೊರವನ್ನು ಅಂಗಡಿಯಲ್ಲೇ ಬಿಟ್ಟು, ಜೋಡಿ ಮೊರ ಕೇಳಿ ಪಡೆಯೋಣ.

– ಒಬ್ಬ ಗೃಹಿಣಿ, ಮೈಸೂರು